ಅರವತ್ತೊಂದು ಸೆಂಟಿಮೀಟರ್ ಬಾಗಿಲು

ಪುನಲಹ್ತಿ,
ಸೆಪ್ಟೆಂಬರ್ 14, 2016, ಬುಧವಾರ

ಪ್ರೀತಿಯ ಇರ್ಯಾ,

ಹನ್ನೆರಡು ವರ್ಷಗಳ ಮೇಲೆ ನಿನ್ನ ಹೆಸರಿನ ಜೊತೆಗೆ ‘ಪ್ರೀತಿಯ’ ಎಂದು ಬರೆದಿದ್ದೇನೆ. ಹಿಡಿಸದಿದ್ದರೆ ಆ ಪದವನ್ನು ಹೊಡೆದುಹಾಕು, ಕಾಗದವನ್ನು ಮಾತ್ರ ಹರಿಯಬೇಡ. ಭಾನುವಾರದೊಳಗೆ ನಾನೊಂದು ಉತ್ತರ ಕೊಡಬೇಕಾಗಿದೆ. ನಿನ್ನನ್ನು ಕೇಳದೆ ಅದನ್ನು ಕೊಡಲಾರೆ.

ಕಳೆದ ಗುರುವಾರ ಮನೆ ದಲ್ಲಾಳಿ ಕಾರ್ಪೆಲಾ ಫೋನ್ ಮಾಡಿದ್ದ. ನಿನ್ನ ಕೊಯ್ವುಲ ಮನೆ ಮಾರಾಟಕ್ಕಿದೆ ಎಂದ. “ಇಡೀ ಬೀದಿ ನನಗೆ ಹೇಳಿ ಆಯ್ತು, ನೀನೊಬ್ಬ ಬಾಕಿ ಇದ್ದೆ” ಎಂದೆ. “ಅದಲ್ಲ ಮೇಡಂ, ಮೊದ್ಲು ನಿಮಗೇ ತೋರಿಸ್ಬೇಕಂತೆ. ಮನೆಯವರು ಖಡಾಖಂಡಿತ ಹೇಳಿಬಿಟ್ಟಿದಾರೆ. ನೀವು ಬೇಡ ಅಂದ್ಮೇಲೇನೇ ಬೇರೆಯವರಿಗಂತೆ” ಎಂದ. ನಾನು ಫೋನ್ ಹಿಡಿದುಕೊಂಡೇ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ನಿನ್ನ ಗಂಡನನ್ನು ಮಣ್ಣು ಮಾಡಿದ ದಿನ ಚರ್ಚಿನ ಬಾಗಿಲಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿ ಹೋದವಳು ನೀನು. ಊರು ಬಿಟ್ಟು ಟಾಂಪೆರೆಗೆ ಹೋಗುವಾಗಲೂ ಹೇಳಿ ಹೋಗಲಿಲ್ಲ. ಈಗ ಮನೆಯನ್ನು ಮೊದಲು ನನಗೆ ತೋರಿಸಬೇಕಂತೆ. ಇದು ಪ್ರೀತಿಯೋ, ಪರೀಕ್ಷೆಯೋ, ಸೇಡೋ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ನೀನು ಕಂಡಿದ್ದ ಸೈಮಾ ಈಗ ಇಲ್ಲ. ನಿವೃತ್ತಿಯಾಗಿ ಐದು ವರ್ಷವಾಯಿತು. ಎಡಸೊಂಟದ ಕೀಲು ಸವೆದಿದೆ, ಊರುಗೋಲಿಲ್ಲದೆ ಬೀದಿಗಿಳಿಯುವುದಿಲ್ಲ. ಮೂವತ್ತೊಂದು ವರ್ಷ ಸಂರಕ್ಷಣಾ ಅಧಿಕಾರಿಯಾಗಿ ಈ ಮರದ ಮನೆಗಳ ಊರಿನಲ್ಲಿ ಮನೆಮನೆಗೆ ಹೋಗಿ ಅದನ್ನು ಮುಟ್ಟಬೇಡಿ, ಇದನ್ನು ಬದಲಿಸಬೇಡಿ, ಆ ಬಣ್ಣ ಬೇಡ, ಈ ಚಿಲಕ ಬೇಡ ಎಂದು ಹೇಳಿಕೊಂಡು ತಿರುಗಿದೆನಲ್ಲ, ನಾನು ಮಾತ್ರ ಸಂರಕ್ಷಿತ ಮನೆಯೊಂದರಲ್ಲಿ ಒಂದು ಚಳಿಗಾಲವನ್ನೂ ಕಳೆದವಳಲ್ಲ. “ಮೂರನೇ ಮಹಡೀಲಿ ಬಿಸಿ ರೇಡಿಯೇಟರ್‌ಗೆ ಕಾಲು ಒತ್ಕೊಂಡು ಕೂತು ನಮಗೆ ಒಲೆ ಉರಿಸೋ ಪಾಠ ಹೇಳ್ತೀಯಲ್ಲೇ” ಎಂದು ನೀನು ಅಣಕಿಸುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗೆಂದೇ ಹುಟ್ಟಿದ್ದು. ಈ ಫ್ಲ್ಯಾಟಿನ ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೂ ಇಷ್ಟು ವರ್ಷದಲ್ಲಿ ನಾಲ್ಕೇ ಮೊಳೆ ಹೊಡೆದಿದ್ದೇನೆ. ಇಲ್ಲಿ ನೇತುಹಾಕುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ.

ಮನೆ ನೋಡುವ ಮೊದಲೇ ಒಂದು ಮಾತು ಕೇಳಿಬಿಡೋಣ ಎಂದು ಶುಕ್ರವಾರ ನನ್ನ ಹಳೆಯ ಕಚೇರಿಗೆ ಹೋಗಿದ್ದೆ. ನಿನ್ನ ಮನೆಯ ಮುಂದಿನ ನಾಲ್ಕು ಕಲ್ಲುಮೆಟ್ಟಿಲು ನನ್ನ ಸೊಂಟಕ್ಕೆ ಈಗ ನಾಲ್ಕು ಬೆಟ್ಟ. ನನ್ನ ಕುರ್ಚಿಯಲ್ಲಿ ಈಗ ಯೆನ್ನಾ ಎಂಬ ಹುಡುಗಿ ಕೂರುತ್ತಾಳೆ. ಬುದ್ಧಿವಂತೆ, ಮುಖದಲ್ಲಿ ನಗು ಕಡಿಮೆ. ಮೆಟ್ಟಿಲ ಪಕ್ಕ ಹಿಡಿದು ಹತ್ತಲು ಒಂದು ಕಬ್ಬಿಣದ ಕಂಬಿ ಹಾಕಿಕೊಳ್ಳಬಹುದೇ ಎಂದು ಕೇಳಿದೆ. “ಆಗಲ್ಲ ಮೇಡಂ, ಬೀದಿಗೆ ಕಾಣುತ್ತೆ. ಈ ಪುಸ್ತಕ ತಗೊಳ್ಳಿ, ಎಲ್ಲ ಸ್ಪಷ್ಟವಾಗಿ ಬರೆದಿದಾರೆ” ಎಂದು ಒಂದು ಕಿರುಪುಸ್ತಕ ಕೊಟ್ಟಳು. ಅದನ್ನು ಬರೆದವಳು ನಾನೇ ಕಣಮ್ಮ ಎನ್ನಲು ನಾಚಿಕೆಯಾಗಿ, ಚೀಲಕ್ಕೆ ಹಾಕಿಕೊಂಡು ಬಂದೆ.

ಮನೆಗೆ ಬಂದು ಮೊದಲಿಂದ ಕೊನೆಯವರೆಗೆ ಓದಿದೆ ಇರ್ಯಾ. ಎಷ್ಟು ಚೆನ್ನಾಗಿ, ಎಷ್ಟು ಕಲ್ಲುಮನಸ್ಸಿನಿಂದ ಬರೆದಿದ್ದೇನೆ! ‘ನೀವು ಈ ಮನೆಯ ಒಡೆಯರಲ್ಲ, ಕಾವಲುಗಾರರು’ ಎಂಬುದು ಮೊದಲ ಪುಟದ ಮೊದಲ ಸಾಲು. ಕಾವಲುಗಾರರಿಗೂ ಸೊಂಟವಿರುತ್ತದೆ ಎಂದು ಮಾತ್ರ ಎಲ್ಲಿಯೂ ಬರೆದಿಲ್ಲ.

ಸೋಮವಾರ ಮನೆ ನೋಡಿದೆ. ಬೀಗ ತೆಗೆದ ಕೂಡಲೇ ಅದೇ ವಾಸನೆ ಬಂತು, ತಣ್ಣಗಾದ ಬೂದಿ, ಒಣಮರ, ಎಲ್ಲೋ ಮೂಲೆಯಲ್ಲಿ ಉಳಿದ ಕಾಫಿ. ಎಂಟು ವರ್ಷದಿಂದ ಬೇಸಿಗೆಯ ಬಾಡಿಗೆಯವರು ಬಂದುಹೋದ ಮನೆ ಎನಿಸಲಿಲ್ಲ. ಚಳಿಗಾಲಕ್ಕೆ ಒಳಗಿನಿಂದ ಕೂರಿಸುವ ಒಳಕಿಟಕಿಗಳು ಸೌದೆಕೋಣೆಯ ಗೋಡೆಗೆ ಒರಗಿದ್ದವು, ಹದಿಮೂರೂ ಇವೆ. ಒಂದೊಂದರ ಅಂಚಿನಲ್ಲೂ ಉಳಿಯಲ್ಲಿ ಕೆತ್ತಿದ ರೋಮನ್ ಅಂಕಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅಕ್ಟೋಬರಿನ ಮೊದಲ ಶನಿವಾರ ನಾನೂ ನೀನೂ ಅವನ್ನು ಕೂರಿಸುತ್ತಿದ್ದೆವು. ಎರಡು ಗಾಜುಗಳ ನಡುವೆ ತೇವ ಹೀರಲು ಗುಡ್ಡದಿಂದ ತಂದ ಬಿಳಿ ಕಲ್ಲುಹೂವು ಹರಡಿ, ಸಂದಿಗೆ ಹಿಟ್ಟಿನ ಅಂಟು ಬಳಿದು ಕಾಗದದ ಪಟ್ಟಿ ಅಂಟಿಸಿ, ಆಮೇಲೆ ಏಲಕ್ಕಿ ಬನ್ನು, ಕಾಫಿ. ಒಂದು ವರ್ಷ ನಾಲ್ಕನ್ನೂ ಆರನ್ನೂ ಅದಲುಬದಲು ಮಾಡಿ ಒಂದು ಗಂಟೆ ಗುದ್ದಾಡಿದೆವು. ನಿನ್ನ ತೌನೋ ಬಂದು ನೋಡಿ, “ಒಬ್ಬಳು ಟೀಚರು, ಇನ್ನೊಬ್ಬಳು ಆಫೀಸರು. ಅಂಕಿ ಓದೋಕೆ ಬಡಗಿ ಬರ್ಬೇಕು” ಎಂದು ನಕ್ಕಿದ್ದ. ಹತ್ತೊಂಬತ್ತು ಶರತ್ಕಾಲ ಹಾಗೆ ಕಳೆದವು. ನನಗೆ ಮದುವೆಯಾಗಲಿಲ್ಲ, ಒಡಹುಟ್ಟಿದವರಿಲ್ಲ. ಆ ಶನಿವಾರಗಳೇ ನನ್ನ ಹಬ್ಬ ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ.

ಕೊನೆಗೆ ಕಾರ್ಪೆಲಾ ಅಡುಗೆಮನೆಯಿಂದ ಹಿಂದಿನ ಕೋಣೆಗೆ, ತೌನೋನ ಕೋಣೆಗೆ, ಕರೆದೊಯ್ದ. ಅವನು ನನ್ನ ಮೊಳಕೈ ಹಿಡಿದಿದ್ದ, ನಾನು ಊರುಗೋಲು ಊರುತ್ತಿದ್ದೆ. ಇಬ್ಬರೂ ಜೊತೆಜೊತೆಯಾಗಿ ಬಾಗಿಲು ದಾಟಿದೆವು. ದಾಟಿದ ಮೇಲೆ ನಾನು ನಿಂತೆ. ಆ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದಿತ್ತು, ಕೈಯಲ್ಲಿ ಕಾಫಿ ತಟ್ಟೆಯಿದ್ದರೆ ಅಡ್ಡ ತಿರುಗಬೇಕಿತ್ತು. ಅರವತ್ತೊಂದು ಸೆಂಟಿಮೀಟರ್. ತೌನೋಗೆ ಪಾರ್ಶ್ವವಾಯು ಬಡಿದ ಮೇಲೆ ಅವನ ಗಾಲಿಕುರ್ಚಿಗೆ ಅರವತ್ತಾರು ಬೇಕಿತ್ತು. ಐದು ಸೆಂಟಿಮೀಟರಿಗಾಗಿ ನೀನು ಅರ್ಜಿ ಹಾಕಿದ್ದೆ, 2004ರ ಜನವರಿಯಲ್ಲಿ ನಾನು ಅದನ್ನು ತಿರಸ್ಕರಿಸಿ ಸಹಿ ಹಾಕಿದೆ.

ಕಾರ್ಪೆಲಾಗೆ ಯಾರದೋ ಫೋನ್ ಬಂತು, ಅಂಗಳಕ್ಕೆ ಹೋದ. ನಾನು ಈ ಸೊಂಟ ಹೊತ್ತುಕೊಂಡು ಅಟ್ಟದ ಏಣಿ ಹತ್ತಿದೆ. ಚಿಮಣಿಯ ಹಿಂದೆ ನಿನ್ನ ಅಜ್ಜಿ ನೇಯ್ದ ಕೆಂಪು ಗೋಡೆಗಂಬಳಿಯ ಒಂದು ಕಟ್ಟು ಇತ್ತು. ಬಿಚ್ಚಿದೆ. ಒಳಗೆ 2004ರ ಮೇ ತಿಂಗಳ ಪತ್ರಿಕೆಗಳಲ್ಲಿ ಸುತ್ತಿದ ಹದಿನಾಲ್ಕು ಮರದ ತುಂಡುಗಳು. ಹಳೆಯ ಬಾಗಿಲುವಾಡ, ಕೊರೆದು ತೆಗೆದ ದಿಮ್ಮಿಯ ತುದಿಗಳು. ಅವುಗಳ ಮೇಲಿನ ನೀಲಿ ಹೂವಿನ ಬಣ್ಣಕ್ಕೆ ಒಂದು ಗೀರೂ ಬಿದ್ದಿಲ್ಲ. ಒಂದೊಂದರ ಬೆನ್ನಿಗೂ ಕಿಟಕಿಗಳ ಹಾಗೆಯೇ ರೋಮನ್ ಅಂಕಿ. ಮೇಲೆ ನಿನ್ನ ಅಕ್ಷರದ ಚೀಟಿ, ‘ಎಡಗಡೆ ಕೆಳಗಿನಿಂದ ಮೇಲಕ್ಕೆ, ಬಲಗಡೆ ಮೇಲಿನಿಂದ ಕೆಳಕ್ಕೆ. ಮೊಳೆ ಹೊಡೆಯಬೇಡಿ, ಮರದ ಗೂಟವನ್ನೇ ಹಾಕಿ.’

ಅದು ನನ್ನ ಕಿರುಪುಸ್ತಕದ ಹನ್ನೆರಡನೆಯ ಪುಟ ಇರ್ಯಾ. ‘ತೆಗೆದದ್ದನ್ನು ಎಸೆಯಬೇಡಿ, ಗುರುತು ಹಾಕಿ, ಮತ್ತೆ ಕೂರಿಸುವ ಕ್ರಮ ಬರೆದಿಡಿ.’ ನನ್ನ ಮಾತು ಮೀರಿ ಗೋಡೆ ಕೊರೆಯುವಾಗಲೂ ನೀನು ನನ್ನ ಮಾತು ಕೇಳಿದ್ದೀಯ. ಊರಿನಲ್ಲಿ ಅಪ್ಪಣೆ ಪಡೆದು ಕೆಲಸ ಮಾಡಿದವರಲ್ಲಿ ಒಬ್ಬರಾದರೂ ಇಷ್ಟು ಅಚ್ಚುಕಟ್ಟಾಗಿ ಮಾಡಲಿಲ್ಲ. ಅಟ್ಟದ ದೂಳಿನಲ್ಲಿ ಕುಳಿತು ಅತ್ತೆ. ಇಳಿಯುವಾಗ ಕಾರ್ಪೆಲಾ ನನ್ನ ಮುಖ ನೋಡಿ, “ಮೇಲೆ ಏನಾದ್ರೂ ಸೋರ್ತಾ ಇದೆಯಾ ಮೇಡಂ?” ಎಂದು ಗಾಬರಿಯಾದ. ಇಲ್ಲಪ್ಪ, ಮಾಡು ಗಟ್ಟಿಯಾಗಿದೆ ಎಂದೆ.

ಈಗ ನಾನು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. ಗೋಡೆಗೆ ಬಿಡಿಸಿದ ನೀಲಿ ಹೂವು ಇನ್ನೂರು ವರ್ಷದ್ದು, ಆದ್ದರಿಂದ ಬಾಗಿಲು ಮುಟ್ಟುವಂತಿಲ್ಲ ಎಂದು ನಿನಗೆ ಬರೆದಿದ್ದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಅದೇ ಚಳಿಗಾಲದಲ್ಲಿ ಔಷಧದಂಗಡಿಯವರಿಗೆ ಕಲ್ಲುಮೆಟ್ಟಿಲು ಮುಚ್ಚಿ ಇಳಿಜಾರು ಹಾಕಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ನಿನ್ನ ಅರ್ಜಿಯನ್ನೂ ವಿಶೇಷ ಪ್ರಕರಣ ಎಂದು ಮೇಲಿನವರಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಸೈಮಾ ಗೆಳತಿಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡಿದಳು ಎಂದು ಜನ ಆಡಿಕೊಂಡಾರೆಂಬ ಹೆದರಿಕೆ. ನೀನು ನನಗೆ ಯಾರೂ ಆಗಿರದಿದ್ದರೆ ತೌನೋಗೆ ಆ ಬಾಗಿಲು ಸಿಗುತ್ತಿತ್ತು. ಆ ಚಳಿಗಾಲವೆಲ್ಲ ನೀನು ಅವನನ್ನು ಚಿಂದಿಬಟ್ಟೆಯ ನೆಲಹಾಸಿನ ಮೇಲೆ ಕೂರಿಸಿ ಹೊಸ್ತಿಲು ದಾಟಿಸಿ ಎಳೆಯುತ್ತಿದ್ದೆ ಎಂದು ಅಂಚೆಯವನು ನನಗೆ ಹೇಳಿದ. ನಾನು ಆ ದಿನ ಊಟ ಮಾಡಲಿಲ್ಲ. ಆದರೆ ಸಹಿಯನ್ನೂ ಹಿಂದೆಗೆದುಕೊಳ್ಳಲಿಲ್ಲ.

ಮನೆ ಕೊಳ್ಳಬೇಕೋ ಬೇಡವೋ? ಬುದ್ಧಿಯನ್ನು ಕೇಳಿದರೆ ಬೇಡ ಎನ್ನುತ್ತದೆ. ಅರವತ್ತೆಂಟು ವರ್ಷದ, ಸೊಂಟ ಹೋದ ಹೆಂಗಸು. ಐದು ಒಲೆಗಳಿಗೆ ಸೌದೆ ಹೊರಬೇಕು, ಮಾಡಿನ ಹಿಮ ಎಳೆಯಬೇಕು, ಮೂರು ವರ್ಷಕ್ಕೊಮ್ಮೆ ಬಿಸಿಲ ಕಡೆಯ ಗೋಡೆಗೆ ಅಗಸೆಯೆಣ್ಣೆಯ ಬಣ್ಣ ಬಳಿಯಬೇಕು, ಒಂದು ಕಂಬಿ ಹಾಕಲು ಯೆನ್ನಾಳ ಮುಂದೆ ಕೈಕಟ್ಟಿ ನಿಲ್ಲಬೇಕು. ಮಾಡಿದ್ದುಣ್ಣೋ ಮಹರಾಯ. ಆದರೆ ಮನಸ್ಸು ಆ ಅಡುಗೆಮನೆಯಿಂದ ಹೊರಗೆ ಬರುತ್ತಿಲ್ಲ. ಕಾಯುವುದು ಹೇಗೆಂದು ಊರಿಗೆಲ್ಲ ಹೇಳಿದೆ, ಒಂದು ಮನೆಯನ್ನಾದರೂ ನನ್ನ ಕೈಯಾರೆ ಬೆಚ್ಚಗಿಡಬೇಕು ಎಂಬ ಆಸೆ ಈ ವಯಸ್ಸಿನಲ್ಲಿ ಹುಟ್ಟಿದೆ. ಇದು ದಯೆಯಲ್ಲ, ಪ್ರಾಯಶ್ಚಿತ್ತವೂ ಅಲ್ಲ, ಆಸೆಯೇ. ಮನೆಯ ಜೊತೆಗೆ ಕ್ಷಮೆಯನ್ನೂ ಕೊಂಡುಕೊಳ್ಳಲು ಬಂದಳು ಎಂದು ಮಾತ್ರ ನೀನು ತಿಳಿಯಬಾರದು.

ಇನ್ನೊಂದು ವಿಷಯ. ನಾನು ಬೇಡವೆಂದರೆ ಕೊಳ್ಳಲು ಹೆಲ್ಸಿಂಕಿಯ ಗಂಡಹೆಂಡತಿ ಕಾದಿದ್ದಾರೆ. ಬರುವ ಸೋಮವಾರ ಅವರ ಇಂಜಿನಿಯರು ಬಂದು ಕಚೇರಿಯ ಕಡತ ಎದುರಿಗಿಟ್ಟುಕೊಂಡು ಪ್ರತಿಯೊಂದನ್ನೂ ಅಳೆಯುತ್ತಾನಂತೆ. ಆ ಕಡತದಲ್ಲಿ ಬಾಗಿಲು ಇಂದಿಗೂ ಅರವತ್ತೊಂದೇ. ಅವನು ಕಂಡುಹಿಡಿದರೆ ಗೋಡೆಯನ್ನು ಮೊದಲಿನಂತೆ ಮಾಡಿಕೊಡಿ ಎಂದು ಯೆನ್ನಾ ನಿನಗೆ ನೋಟಿಸು ಕಳಿಸುತ್ತಾಳೆ. ಅಷ್ಟರೊಳಗೆ ನಾನು ಸಹಿ ಹಾಕಿದರೆ ಬರುವ ನೋಟಿಸು ನನ್ನ ಹೆಸರಿಗೆ ಬರುತ್ತದೆ. ಅದಕ್ಕೂ ಮೊದಲೇ ನಾನು ಅವಳ ಮೇಜಿನ ಮುಂದೆ ಹೋಗಿ ನಿಂತು, ಬಾಗಿಲು ಅಗಲವಾಗಿದೆ, ಅಗಲವಾಗಿಯೇ ಇರಲಿ ಎಂದು ಅರ್ಜಿ ಕೊಡುತ್ತೇನೆ. ಹದಿನಾಲ್ಕು ತುಂಡುಗಳನ್ನೂ ತೋರಿಸುತ್ತೇನೆ. ಒಬ್ಬ ಮನುಷ್ಯ ಈ ಬಾಗಿಲಿನಿಂದ ಸುಮಾರು ಎರಡು ವರ್ಷ ದಿನವೂ ತನ್ನ ಅಡುಗೆಮನೆಗೆ ಬಂದು ಕಾಫಿ ಕುಡಿದ, ಅದೂ ಈ ಮನೆಯ ಚರಿತ್ರೆಯೇ ಎಂದು ಬರೆಯುತ್ತೇನೆ. ಅವಳು ಆಗಲ್ಲ ಮೇಡಂ ಎನ್ನಬಹುದು. ಆಗ ನಾನು ಅಂದಿನ ನಿನ್ನ ಹಾಗೆ ಮನೆಗೆ ಹೋಗಿ ಮೇಜು ಗುದ್ದುತ್ತೇನೆ, ಮಾರನೆಯ ದಿನ ಮತ್ತೆ ಹೋಗುತ್ತೇನೆ.

ಇಷ್ಟೆಲ್ಲ ಬರೆದರೂ ತೀರ್ಮಾನ ನಿನ್ನದು. ನೀನು ಬೇಡ ಎಂದರೆ ಭಾನುವಾರ ಕಾರ್ಪೆಲಾಗೆ ಬೇಡ ಎನ್ನುತ್ತೇನೆ, ಏಕೆಂದು ನಿನ್ನನ್ನು ಕೇಳುವುದಿಲ್ಲ. ಹೂಂ ಅಥವಾ ಊಹೂಂ, ಅಷ್ಟು ಸಾಕು. ಫೋನ್ ನಂಬರು ಅದೇ ಹಳೆಯದು.

ನಿನ್ನ ಒಂದು ಮಾತಿಗೆ ಕಾದಿರುವ,
ಸೈಮಾ

ಮರೆತ ಮಾತು (ಗುರುವಾರ ಬೆಳಿಗ್ಗೆ): ಮರೆತದ್ದಲ್ಲ, ಬಚ್ಚಿಟ್ಟದ್ದು. ಅಂಚೆಗೆ ಹಾಕಲು ಹೊರಟವಳು ಮೆಟ್ಟಿಲಿಳಿದು ಮತ್ತೆ ಹತ್ತಿಬಂದೆ. ಬಾಗಿಲು ಅಗಲವಾದದ್ದು ಸೋಮವಾರವಷ್ಟೇ ತಿಳಿಯಿತು ಎನ್ನುವ ಹಾಗೆ ಮೇಲೆ ಬರೆದಿದ್ದೇನೆ. ಅದು ಸುಳ್ಳು.

2005ರ ಸೆಪ್ಟೆಂಬರಿನಲ್ಲಿ ಬೀದಿಯ ಮನೆಗಳ ತಪಾಸಣೆಗೆ ಬಂದಿದ್ದೆನಲ್ಲ. ನೀನು ಅಜ್ಜಿಯ ಕೆಂಪು ಕಂಬಳಿಯನ್ನು ಆ ಬಾಗಿಲಿಗೆ ಅಡ್ಡ ನೇತುಹಾಕಿ, ನನ್ನ ಮುಖ ನೋಡಲಾರದೆ ಮಾರುಕಟ್ಟೆಗೆ ಹೋಗಿದ್ದೆ. ಯಜಮಾನರು ಮಲಗಿದ್ದಾರೆ, ಹಿಂದಿನ ಕೋಣೆಗೆ ಹೋಗಬೇಡಿ ಎಂದು ಮೇಜಿನ ಮೇಲೆ ಚೀಟಿಯಿತ್ತು. ನಾನು ಹೋಗಲಿಲ್ಲ. ಕಂಬಳಿಯೇ ಸರಿಯಿತು. ತೌನೋ ಸ್ವಾಧೀನವಿದ್ದ ಕೈಯಿಂದ ಅದನ್ನು ಸರಿಸಿ, ಗಾಲಿಕುರ್ಚಿಯಲ್ಲಿ ನೇರವಾಗಿ ಅಡುಗೆಮನೆಗೆ ಬಂದ. “ಚೀಟಿ ಓದ್ಬೇಡ ಸೈಮಾ, ಕಾಫಿ ಕುಡಿ” ಎಂದು ಒಂದೊಂದೇ ಮಾತು ಹೆಕ್ಕಿ ಹೇಳಿದ. ಆಮೇಲೆ ಅವನೇ, “ಅಳತೆ ಮಾಡು ಮತ್ತೆ, ನಿನ್ ಕೆಲ್ಸ ಅಲ್ವಾ” ಎಂದು ಅಳತೆಪಟ್ಟಿಯ ಒಂದು ತುದಿ ಹಿಡಿದುಕೊಂಡ. ಎಂಬತ್ತಾರು ಇತ್ತು, ಕೇಳಿದ್ದಕ್ಕಿಂತ ಧಾರಾಳವಾಗಿಯೇ ಕೊರೆಸಿದ್ದೆ ನೀನು. “ಎಷ್ಟು ಬಂತು?” ಎಂದ. ಅರವತ್ತೊಂದು ಎಂದೆ, ಅವನ ಕಣ್ಣೆದುರಿಗೇ ಕಡತದಲ್ಲಿ ಬರೆದೆ. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಒಂದೇ ಸುಳ್ಳು ಅಳತೆ ಅದು.

ಹೊರಡುವಾಗ ಅವನು ನನ್ನ ಕೈ ಹಿಡಿದ. “ಇರ್ಯಾಗೆ ಹೇಳ್ಬೇಡ. ನಿನ್ ಮೇಲಿನ ಸಿಟ್ಟಲ್ಲೇ ಅವ್ಳು ನನ್ನ ಎತ್ತಿ ಇಳಿಸ್ತಾಳೆ. ಸಿಟ್ಟು ಹೋದ್ರೆ ಅಳ್ತಾ ಕೂತ್ಬಿಡ್ತಾಳೆ. ನಾನು ಹೋದ್ಮೇಲೆ ಹೇಳು” ಎಂದ. ಆರು ತಿಂಗಳಿಗೆ ಅವನು ಹೋದ. ಹೇಳಬೇಕೆಂದೇ ಅಂದು ಚರ್ಚಿಗೆ ಬಂದಿದ್ದೆ. ನೀನು ಮುಖ ತಿರುಗಿಸಿದೆ. ಈಗ ಹೇಳಿದರೆ ಉಪಕಾರಕ್ಕೆ ಕೂಲಿ ಕೇಳಿದಂತಾಗುತ್ತದೆ ಎಂದು ಹಾಗೆಯೇ ಮನೆಗೆ ನಡೆದೆ. ಹತ್ತು ವರ್ಷ ಅದು ಬಿಸಿತುಪ್ಪದ ಹಾಗೆ ಗಂಟಲಲ್ಲೇ ಉಳಿಯಿತು. ಅವನಿಗೆ ಕೊಟ್ಟ ಮಾತನ್ನು ಇವತ್ತು, ತೀರಾ ತಡವಾಗಿ, ತೀರಿಸುತ್ತಿದ್ದೇನೆ. ಆ ಸುಳ್ಳನ್ನು ಬರೆದವಳು ನಾನೇ ಎಂದು ಯೆನ್ನಾಳಿಗೂ ಹೇಳುತ್ತೇನೆ.

ಮನೆ ಯಾರ ಪಾಲಾದರೂ ಅಕ್ಟೋಬರಿನ ಮೊದಲ ಶನಿವಾರ ಒಳಕಿಟಕಿ ಹಾಕಲೇಬೇಕು. ಎಲ್ಲಕ್ಕಿಂತ ದೊಡ್ಡದಾದ ಏಳನೆಯದನ್ನು ನಾನೊಬ್ಬಳೇ ಎತ್ತಲಾರೆ. ಸಿಟ್ಟು ಇಳಿಯಲಿ ಎಂದು ಕಾಯಬೇಡ, ಸಿಟ್ಟಿನ ಸಮೇತ ಬಾ. ಅಳತೆಪಟ್ಟಿ ನಾನು ತರುತ್ತೇನೆ. ಈ ಸಲ ನೀನು ಓದಿ ಹೇಳು, ನಾನು ಬರೆದುಕೊಳ್ಳುತ್ತೇನೆ.